ಕ್ಲೈವನ ಶೆಡ್ಡಿನ ಸದ್ದು

ಶನಿವಾರ ಬೆಳಿಗ್ಗೆ ಏಳು ಗಂಟೆಗೆ ಫೋನು ಹೊಡೆದುಕೊಂಡಾಗ ಕ್ಲೈವ್ ಪೆಂಡರ್ ಟೋಸ್ಟಿಗೆ ಬೆಣ್ಣೆ ಸವರುತ್ತಿದ್ದ. ಆ ಕಡೆ ಮಿಸ್ ಟ್ರೆಂಬತ್. ನಿವೃತ್ತ ಹೆಡ್‌ಮಿಸ್ಟ್ರೆಸ್ಸು. ಕುಶಲ ಕೇಳಿ ಮಾತು ಶುರುಮಾಡುವ ಅಭ್ಯಾಸ ಅವರಿಗಿರಲಿಲ್ಲ.

"ಕ್ಲೈವ್, ಬೆಳಿಗ್ಗೆ ಆರೂವರೆಗೆ ನಿನ್ನ ಸದ್ದು ಕೇಳಿಸ್ತು. ಮಾತು ಅಂದ್ರೆ ಮಾತು. ಇವತ್ತಿನ ಪಟ್ಟಿಯಿಂದ ನಿನ್ನ ಹೆಸರು ತೆಗೆದುಹಾಕಿದೀನಿ."

"ಮಿಸ್, ನಾನು ಗಿಟಾರು ಮುಟ್ಟೇ ಇಲ್ಲ..." ಎನ್ನುವಷ್ಟರಲ್ಲಿ ಫೋನು ಕಟ್ಟಾಗಿತ್ತು. ಕ್ಲೈವನಿಗೆ ನಲವತ್ತಾರು ವರ್ಷ, ಬೆಟ್ಟದ ಕೆಳಗಿನ ಪೇಟೆಯಲ್ಲಿ ಕನ್ನಡಕದಂಗಡಿಯ ಕೆಲಸ, ತಲೆಯಲ್ಲಿ ಅರ್ಧ ಕೂದಲು. ಆದರೂ ನಾಲ್ಕನೇ ಕ್ಲಾಸಿನಲ್ಲಿ ಪಾಠ ಹೇಳಿದ ಮಿಸ್ ಬೈದರೆ ಇಂದಿಗೂ ಅವನ ಕೈ ತಾನಾಗಿ ಬೆನ್ನ ಹಿಂದೆ ಹೋಗುತ್ತಿತ್ತು.

ಸದ್ದಿನ ವಿಷಯ ಇಷ್ಟು. ಎರಡು ವರ್ಷದ ಹಿಂದೆ, ಫೆಬ್ರವರಿಯಲ್ಲಿ, ಅವನು ತನ್ನ ಎಲೆಕ್ಟ್ರಿಕ್ ಗಿಟಾರಿಗೆ ಒಂದು ಪೆಡಲ್ ತಂದಿದ್ದ. ರಿಂಗ್ ಮಾಡ್ಯುಲೇಟರ್ ಅಂತ. ಸೋಪಿನ ಡಬ್ಬಿಯಷ್ಟಿರುವ ಅದನ್ನು ಕಾಲಲ್ಲಿ ಒತ್ತಬೇಕು. ಗಿಟಾರಿನಿಂದ ಒಳಗೆ ಹೋದ ಸ್ವರವನ್ನು ಅದು ತನ್ನ ಹೊಟ್ಟೆಯಲ್ಲಿರುವ ಇನ್ನೊಂದು ಸ್ವರದೊಡನೆ ಗುಣಿಸಿ, ಎರಡನ್ನೂ ಕೂಡಿದ್ದೊಂದು, ಕಳೆದದ್ದೊಂದು ಹೊರಗೆ ಬಿಡುತ್ತದೆ. ಒಳಗೆ ಹೋದದ್ದು ಮಾತ್ರ ಹೊರಗೆ ಬರುವುದೇ ಇಲ್ಲ. ಒಂದು ತಂತಿ ಮೀಟಿದರೆ ಒಡಕು ಗಂಟೆ ಬಡಿದ ಹಾಗೆ, ಎರಡು ಮೀಟಿದರೆ ಕಂಚಿನ ಪಾತ್ರೆ ಮೆಟ್ಟಿಲು ಇಳಿದ ಹಾಗೆ ಕೇಳುತ್ತದೆ. ಕ್ಲೈವನಿಗೆ ಅದರಲ್ಲಿ ಸ್ವರ್ಗ ಕಾಣಿಸಿತು. ಡ್ಯಾಂಡೆನಾಂಗ್ ಬೆಟ್ಟದ ಆ ಪುಟ್ಟ ರಸ್ತೆಯಲ್ಲಿ ಬೇರೆ ಯಾರಿಗೂ ಕಾಣಿಸಲಿಲ್ಲ.

ಹಿತ್ತಲಿನ ಶೆಡ್ಡಿನಲ್ಲಿ ಕೂತು ಅವನು ಏಳು ಸ್ವರದ ಒಂದು ರಾಗ ಕಟ್ಟಿದ. ಕ್ರಿಕೆಟ್ ಚೆಂಡು ಬಿದ್ದು ಕಿರುಬೆರಳು ಸೊಟ್ಟಗಾದ ಕಾರಣ ನಾಲ್ಕನೆಯ ಸ್ವರ ಪ್ರತಿಸಲವೂ ಸ್ವಲ್ಪ ಜಾರುತ್ತಿತ್ತು. ಅದನ್ನು ನಾಲ್ಕು ಜನರ ಮುಂದೆ ಒಂದೇ ಒಂದು ಸಲ ನುಡಿಸಬೇಕು, ಅವರು ಕೂತು ಕೇಳಬೇಕು. ಅವನ ಆಸೆಯೆಲ್ಲ ಅಷ್ಟೇ. ಊರಿನ ಸಭೆಯ ಹಾಲಿನಲ್ಲಿ ಜುಲೈ ತಿಂಗಳಲ್ಲಿ, ಅಂದರೆ ಅಲ್ಲಿನ ಚಳಿಗಾಲದಲ್ಲಿ, ಒಂದು ಸಂಗೀತ ಕಾರ್ಯಕ್ರಮ ಆಗುತ್ತದೆ. ಕಾರ್ಯದರ್ಶಿ ಮಿಸ್ ಟ್ರೆಂಬತ್. ಗೋಗರೆದು ಗೋಗರೆದು ಕೊನೆಗೆ ಹತ್ತು ನಿಮಿಷ ಸಿಕ್ಕಿತ್ತು, ಒಂದು ಷರತ್ತಿನ ಮೇಲೆ: ಕಾರ್ಯಕ್ರಮಕ್ಕೆ ಮುಂಚಿನ ಒಂದು ವಾರ ಶೆಡ್ಡಿನಿಂದ ಚಕಾರ ಕೇಳಿಸಬಾರದು. ಕ್ಲೈವ್ ಕಳೆದ ಶನಿವಾರವೇ ಶೆಡ್ಡಿಗೆ ಬೀಗ ಜಡಿದಿದ್ದ. ಮಧ್ಯಾಹ್ನ ನಾಲ್ಕಕ್ಕೆ ಕಾರ್ಯಕ್ರಮ, ಬೆಳಿಗ್ಗೆ ಏಳಕ್ಕೆ ಈ ಫೋನು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುವುದು ಇದಕ್ಕೇ.

ಹಿತ್ತಲಿಗೆ ಹೋದರೆ ಬೇಲಿಯ ಆಚೆ ಪಕ್ಕದ ಮನೆಯ ಡೆಸ್ ಟೀ ಕುಡಿಯುತ್ತ ನಿಂತಿದ್ದ. ಊರಿನ ಎಲ್ಲ ವಿಷಯಕ್ಕೂ ಅವನು ಪ್ರತ್ಯಕ್ಷ ಸಾಕ್ಷಿ.

"ಒಂದು ದಿನ ತಡ್ಕೊಳ್ಳೋಕೆ ಆಗ್ಲಿಲ್ವೇನೋ ಮಾರಾಯ?" ಎಂದ ಡೆಸ್. "ಆರೂವರೆಗೆ ನಾನೇ ಕೇಳಿದೆ. ಟಂಯ್ ಟಂಯ್ ಅಂತ. ಹಾಸಿಗೆಯಿಂದ ಬೀಳೋದೊಂದು ಬಾಕಿ."

ಕ್ಲೈವ್ ಬೀಗ ತೋರಿಸಿದ. ಬೀಗದ ಕೈ ನಿನ್ನ ಹತ್ತಿರವೇ ಇದೆಯಲ್ಲ ಎಂದು ಡೆಸ್ ನಕ್ಕ. ಕ್ಲೈವ್ ಒಳಗೆ ಹೋಗಿ ತನ್ನ ಹೆಂಡತಿ ಗ್ಲೆನಿಸ್‌ಳನ್ನು ಸಾಕ್ಷಿಗೆ ಕರೆದರೆ, ಅವಳು ನೀವು ಆರಕ್ಕೇ ಎದ್ದು ಹೊರಗೆ ಹೋದದ್ದು ನನಗೆ ಗೊತ್ತು ಎಂದಳು. ಸೌದೆ ತರಲು ಹೋಗಿದ್ದೆ ಎಂದು ಕ್ಲೈವ್. ಸೌದೆ ಎಲ್ಲಿ ಎಂದು ಗ್ಲೆನಿಸ್. ಒದ್ದೆಯಾಗಿತ್ತು, ತರಲಿಲ್ಲ ಎಂದು ಕ್ಲೈವ್. ಹೇಳುತ್ತ ಹೇಳುತ್ತ ಅವನ ಮುಖ ಕೆಂಪಾಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿಯವನು, ಪಾಪ. ತಾನೇ ನಿದ್ದೆಗಣ್ಣಲ್ಲಿ ನುಡಿಸಿಬಿಟ್ಟೆನೋ ಎಂಬ ಅನುಮಾನ ಅವನಿಗೇ ಹುಟ್ಟಿತು.

ಹನ್ನೊಂದರ ಹೊತ್ತಿಗೆ, ಅವನು ಶೆಡ್ಡಿನ ಮುಂದೆ ಮೋರೆ ಇಳಿಬಿಟ್ಟುಕೊಂಡು ಕೂತಿದ್ದಾಗ, ಸದ್ದು ಮತ್ತೆ ಕೇಳಿಸಿತು. ಬಂದದ್ದು ಶೆಡ್ಡಿನಿಂದಲ್ಲ, ಹಿತ್ತಲಿನ ಹಿಂದಿನ ಕಾಡಿನ ಕಣಿವೆಯಿಂದ. ಅವನದೇ ರಾಗ, ಏಳೂ ಸ್ವರ, ಒಡಕು ಗಂಟೆಯ ಅದೇ ನಾದ. ನಾಲ್ಕನೆಯದು ಜಾರಿತು ಕೂಡ. ಕ್ಲೈವ್ ರಬ್ಬರಿನ ಗಮ್ ಬೂಟು ಏರಿಸಿಕೊಂಡು ಕೆಸರಿನಲ್ಲಿ ಇಳಿದ. ಜಿಗಣೆ ಹತ್ತಿದ್ದೂ ಅವನಿಗೆ ತಿಳಿಯಲಿಲ್ಲ.

ಮರದೆತ್ತರದ ಜರಿಗಿಡಗಳ ನಡುವೆ ಕೆದಕಿದ ಮಣ್ಣಿನ ದಿಬ್ಬದ ಮೇಲೆ ಒಂದು ಗಂಡು ಲೈರ್‌ಬರ್ಡ್ ನಿಂತಿತ್ತು. ಕೋಳಿಯಷ್ಟು ದೊಡ್ಡ ಕಂದು ಹಕ್ಕಿ. ಕಿವಿಗೆ ಬಿದ್ದದ್ದನ್ನೆಲ್ಲ ಹಾಗೆಹಾಗೇ ಒಪ್ಪಿಸುವುದು ಅದರ ಕಸುಬು. ಚಳಿಗಾಲದಲ್ಲಿ ಹೆಣ್ಣನ್ನು ಒಲಿಸಲು ಬೇರೆ ದಾರಿ ಅದಕ್ಕೆ ಗೊತ್ತಿಲ್ಲ. ಬಾಲವನ್ನು ಕೊಡೆಯ ಹಾಗೆ ತಲೆಯ ಮೇಲೆ ಮಗುಚಿಕೊಂಡು ಅದು ಕ್ಲೈವನ ರಾಗವನ್ನು ಇನ್ನೊಂದು ಸಲ ಹಾಡಿತು. ಕ್ಲೈವನ ಕಣ್ಣಲ್ಲಿ ನೀರು ಬಂತು. ಎರಡು ವರ್ಷದಲ್ಲಿ ಆ ರಾಗವನ್ನು ಮನಸ್ಸಿಟ್ಟು ಕೇಳಿದ ಜೀವ ಅದೊಂದೇ. ಜೊತೆಗೆ ಅವನು ನಿರಪರಾಧಿ ಎನ್ನುವುದಕ್ಕೂ ಅದೇ ಸಾಕ್ಷಿ.

ಅರ್ಧ ಗಂಟೆಯಲ್ಲಿ ಅವನು ಮಿಸ್ ಟ್ರೆಂಬತ್, ಡೆಸ್, ಗ್ಲೆನಿಸ್ ಮೂವರನ್ನೂ ಕಣಿವೆಗೆ ಎಳೆದು ತಂದ. ಕೋಣನ ಮುಂದೆ ಕಿನ್ನರಿ ಬಾರಿಸಿದ್ದು ಎಲ್ಲರಿಗೂ ಗೊತ್ತು. ಇಲ್ಲಿ ಕಿನ್ನರಿಯೇ ಬಾಯಿ ಬಿಡಲಿಲ್ಲ. ಹಕ್ಕಿ ಮೊದಲು, ಕೂಗಿದರೆ ನಕ್ಕಂತೆಯೇ ಕೇಳುವ ಕೂಕಬರ ಹಕ್ಕಿಯ ಹಾಗೆ ನಕ್ಕಿತು. ಆಮೇಲೆ ಗರಗಸದ ಸದ್ದು ಮಾಡಿತು. ಡೆಸ್‌ನ ಗಾಡಿ ಹಿಂದಕ್ಕೆ ಬರುವಾಗಿನ ಬೀಪ್ ಬೀಪ್ ಆಯಿತು. ಗ್ಲೆನಿಸ್ ನಾಯಿಯನ್ನು ಕರೆಯುವ ಸಿಳ್ಳೆ ಆಯಿತು. ಸಾಕಪ್ಪ ನಿನ್ನ ಸಾಕ್ಷಿ ಎಂದು ಡೆಸ್ ಹೊರಡಲು ತಿರುಗಿದಾಗ, ಟಂಯ್ ಎಂದು ಏಳೂ ಸ್ವರ ಹೊರಗೆ ಬಂದವು.

ಕ್ಲೈವ್ ಎದೆಯುಬ್ಬಿಸಿ ಮಿಸ್ ಕಡೆ ನೋಡಿದ. ಮಿಸ್ ಅವನನ್ನು ನೋಡಲೇ ಇಲ್ಲ. ಅವರು ಫೋನು ಎತ್ತಿ ಹಿಡಿದು ಹಕ್ಕಿಯ ದನಿಯನ್ನು ಹಿಡಿದಿಟ್ಟುಕೊಳ್ಳುತ್ತಿದ್ದರು.

ಅವರು ಊರಿನ ಲೈರ್‌ಬರ್ಡ್ ಬಳಗದ ಅಧ್ಯಕ್ಷೆಯೂ ಹೌದು. ಚಳಿಗಾಲದಲ್ಲಿ ಬಳಗದವರು ನಸುಕಿನಲ್ಲೇ ಕಾಡಿಗೆ ಹೋಗಿ, ಕೂಗು ಕೇಳಿ ಕೇಳಿ ಹಕ್ಕಿಗಳನ್ನು ಲೆಕ್ಕ ಹಾಕುತ್ತಾರೆ. ಹೋದ ವರ್ಷದ ಜೂನ್‌ನಲ್ಲಿ ದೂರದಿಂದ ಯಾರೂ ಕೇಳರಿಯದ ಒಂದು ಕೂಗು ಬಂದಿತ್ತಂತೆ. ಈ ಹಕ್ಕಿಗಳಲ್ಲಿ ಮರಿಗಳು ಹಿರಿಯರಿಂದ ಕಲಿಯುತ್ತವೆ, ಆದ್ದರಿಂದ ಇದು ಈ ಬೆಟ್ಟದಿಂದ ಯಾವತ್ತೋ ಅಳಿದುಹೋದ ಯಾವುದೋ ಪಕ್ಷಿಯ ದನಿ, ತಲೆಮಾರುಗಳಿಂದ ಉಳಿದು ಬಂದಿದೆ ಎಂದು ಬಳಗ ಮೂರು ಸಭೆ ಸೇರಿ ತೀರ್ಮಾನಿಸಿತ್ತು. ಮ್ಯೂಸಿಯಂಗೆ ಕಾಗದವೂ ಹೋಗಿತ್ತು.

"ಮಿಸ್, ಅದು ನನ್ನ ರಾಗ," ಎಂದ ಕ್ಲೈವ್. "ನಾಲ್ಕನೇ ಸ್ವರ ಜಾರುತ್ತಲ್ಲ, ಅದು ನನ್ನ ಬೆರಳಿನ ತಪ್ಪು."

"ಅದೇ ಅದರ ಸೊಗಸು. ಅಷ್ಟು ನಯ ನಿನಗೆಲ್ಲಿ ಬರಬೇಕು?"

"ಪೆಡಲ್ ತಂದಿದ್ದು ಎರಡು ವರ್ಷದ ಹಿಂದೆ. ನೀವು ಕೇಳಿದ್ದು ಹೋದ ವರ್ಷ."

"ನಾವು ಕೇಳಿದ್ದು ಹೋದ ವರ್ಷ, ಕ್ಲೈವ್. ಅದು ಹಾಡ್ತಿರೋದು ಸಾವಿರ ವರ್ಷದಿಂದ." ಮಿಸ್ ಕನ್ನಡಕ ತೆಗೆದು ಒರೆಸಿಕೊಂಡರು. ನಾಲ್ಕನೇ ಕ್ಲಾಸಿನಲ್ಲಿ ಅವರು ಹೀಗೆ ಮಾಡಿದರೆ ಯಾರಿಗೋ ಗ್ರಹಚಾರ ಕಾದಿದೆ ಎಂದೇ ಅರ್ಥ. "ನಿನ್ನ ಶೆಡ್ಡು ಕಾಡಿನ ಅಂಚಿಗೇ ಇದೆ. ಕಿಟಕಿ ತೆಗೆದು ಕೂತು ಈ ಮೂಕಪ್ರಾಣಿ ಹಾಡಿದ್ದನ್ನ ಕೇಳಿ ಕೇಳಿ, ಯಂತ್ರದಲ್ಲಿ ಹಾಕಿ ಕೆಡಿಸಿ, ನನ್ನದು ಅಂತ ಹೇಳ್ಕೊಂಡು ತಿರುಗ್ತಿದೀಯಲ್ಲ. ನಾಚಿಕೆ ಆಗಲ್ವಾ ನಿಂಗೆ?"

ಮೂಕಪ್ರಾಣಿ ದಿಬ್ಬದ ಮೇಲೆ ನಿಂತು ಗರಗಸ ಎಳೆಯುತ್ತಿತ್ತು. ಡೆಸ್ ಗಂಭೀರವಾಗಿ ತಲೆಯಾಡಿಸಿ, ನನಗೆ ಮೊದಲಿಂದಲೂ ಅನುಮಾನ ಇತ್ತು ಎಂದ. ಕ್ಲೈವ್ ಕೊನೆಯ ಆಸರೆಯೆಂದು ಹೆಂಡತಿಯ ಕಡೆ ತಿರುಗಿದ. ಗ್ಲೆನಿಸ್, ಕೇಳಲು ಎರಡೂ ಒಂದೇ ತರಹ ಇವೆ, ಆದರೆ ಇದು ಚೆನ್ನಾಗಿದೆ ಎಂದಳು. ಅಲ್ಲಿಗೆ ವಿಚಾರಣೆ ಮುಗಿಯಿತು.

ಶಿಕ್ಷೆಯೂ ಅಲ್ಲೇ ಹೊರಬಿತ್ತು. ಹೆಣ್ಣು ಗಂಡು ಕೂಡುವ ಕಾಲದಲ್ಲಿ ಯಾರೂ ಯಾವ ಯಂತ್ರದಿಂದಲೂ ಹಕ್ಕಿಯ ಕೂಗನ್ನು ನುಡಿಸಿ ಅದನ್ನು ಮರುಳು ಮಾಡಬಾರದು ಎಂಬುದು ಬಳಗದ ನಾಲ್ಕನೇ ನಿಯಮ. ಗ್ಲೆನಿಸ್ ಸದಸ್ಯೆಯಾದಾಗ ಕ್ಲೈವ್ ಕೂಡ ಅದರ ಕೆಳಗೆ ಸಹಿ ಮಾಡಿದ್ದ. ಆದ್ದರಿಂದ ಆ ಪೆಡಲ್ ಇನ್ನು ಮೇಲೆ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಪೆಟ್ಟಿಗೆಯೊಳಗೇ ಇರತಕ್ಕದ್ದು. ಹಾಲಿನಲ್ಲಿ ಅವನಿಗೆ ಕೊಟ್ಟಿದ್ದ ಹತ್ತು ನಿಮಿಷದಲ್ಲಿ ಮಿಸ್ ಈ ದನಿಯನ್ನು ಊರಿಗೆ ಕೇಳಿಸಿ ನಾಲ್ಕು ಮಾತಾಡುತ್ತಾರೆ.

"ನೀವು ಅದನ್ನ ಹಾಲಿನಲ್ಲಿ ನುಡಿಸಿದ್ರೆ ನಿಯಮ ಮುರಿದ ಹಾಗಾಗಲ್ವಾ ಮಿಸ್?"

"ಬಾಗಿಲು ಹಾಕಿರ್ತೀವಿ. ಮತ್ತೆ ಅದು ವಿಜ್ಞಾನ."

ಬಾಗಿಲು ಹಾಕಿಕೊಂಡು ನಾನೂ ನುಡಿಸುತ್ತೇನೆ ಎಂದು ಕ್ಲೈವ್ ಹೇಳಬೇಕೆಂದಿದ್ದ. ಅಷ್ಟರಲ್ಲಿ ಕೈ ಬೆನ್ನ ಹಿಂದೆ ಹೋಗಿಯಾಗಿತ್ತು.

ಹಾಲಿನಲ್ಲಿ ಒಳ್ಳೆಯ ಸ್ಪೀಕರ್ ಇರಲಿಲ್ಲ. ಹಾಗಾಗಿ ನಾಲ್ಕು ಗಂಟೆಗೆ ಕ್ಲೈವನ ಗಿಟಾರ್ ಆಂಪ್ಲಿಫೈಯರನ್ನು ಕ್ಲೈವನೇ ಹೊತ್ತು ತಂದು, ಮಿಸ್ ಅವರ ಫೋನಿಗೆ ಸಿಕ್ಕಿಸಿ, ವೇದಿಕೆಯ ಮೂಲೆಯಲ್ಲಿ ಗುಂಡಿ ತಿರುಗಿಸಲು ಕೂತ. ಊರಿಗೆ ಊರೇ ಬಂದಿತ್ತು. ಮಿಸ್ ಮಾತಾಡಿದರು, ಆಮೇಲೆ ಕಣ್ಣು ಮುಚ್ಚಿ ಕೇಳಿ ಎಂದರು. ಅವನ ರಾಗ ಅವನದೇ ಆಂಪ್ಲಿಫೈಯರಿನಿಂದ ಹೊರಟು ಹಾಲನ್ನೆಲ್ಲ ತುಂಬಿತು. ಒಬ್ಬರೂ ಕೆಮ್ಮಲಿಲ್ಲ. ಮುಗಿದ ಮೇಲೆ ಎದ್ದು ನಿಂತು ಚಪ್ಪಾಳೆ ತಟ್ಟಿದರು, ಒನ್ಸ್ ಮೋರ್ ಎಂದರು, ಮೂರು ಸಲ ಹಾಕಿಸಿ ಕೇಳಿದರು. ಮುಂದಿನ ಸಾಲಿನಲ್ಲಿ ಡೆಸ್ ಮೂಗು ಒರೆಸಿಕೊಳ್ಳುತ್ತಿದ್ದ.

ಕಾರ್ಯಕ್ರಮ ಮುಗಿದು ವೈರು ಸುತ್ತುತ್ತಿದ್ದವನ ಹತ್ತಿರ ಗ್ಲೆನಿಸ್ ಬಂದಳು. ಅವಳ ಕಣ್ಣೂ ಒದ್ದೆಯಾಗಿತ್ತು. ಅವನ ಹೆಗಲ ಮೇಲೆ ಕೈಯಿಟ್ಟು ಅಕ್ಕರೆಯಿಂದಲೇ ಹೇಳಿದಳು:

"ಬೇಜಾರು ಮಾಡ್ಕೋಬೇಡಿ ಕಣ್ರೀ. ಹಾಗೆ ನುಡಿಸೋಕೆ ಹುಟ್ಟಿನಿಂದಲೇ ಬರಬೇಕು."