ಕಾರ್ಟೂನಿನ ಕ್ರಾಂತಿಯೂ ನಮ್ಮ ಅತ್ತೆಯವರೂ

ನನಗೆ ಇಂಗ್ಲಿಷ್ ಚೆನ್ನಾಗಿ ಬರುತ್ತದೆ ಎಂಬ ನಂಬಿಕೆ ಇಳಕಲ್ಲಿನ ನಮ್ಮ ಓಣಿಯಲ್ಲಿ ಯಾವಾಗ ಹುಟ್ಟಿತೋ ನನಗೆ ಗೊತ್ತಿಲ್ಲ. ಹುಟ್ಟಿಸಿದವನು ನಾನಲ್ಲ, ಅದು ಸಾಯದಂತೆ ನೋಡಿಕೊಂಡವನು ಮಾತ್ರ ನಾನೇ. ಹುನಗುಂದದ ಹೈಸ್ಕೂಲಿನಲ್ಲಿ ನಾನು ಕಲಿಸುವುದು ಕನ್ನಡ. ಆದರೂ ಗುಳಿಗೆ ಪೆಟ್ಟಿಗೆಯೊಳಗಿನ ಚೀಟಿ, ಮಿಕ್ಸರಿನ ಗ್ಯಾರಂಟಿ ಕಾರ್ಡು, ಯಾರಿಗೋ ಬಂದ ಇಂಟರ್‌ವ್ಯೂ ಪತ್ರ, ಎಲ್ಲವೂ ನಮ್ಮ ಮನೆಗೇ ಬರುತ್ತವೆ. ನಾನು ಕನ್ನಡಕ ಏರಿಸಿ, ಅರ್ಥವಾದ ಅರ್ಧಕ್ಕೆ ನನ್ನ ಕಡೆಯಿಂದ ಇನ್ನರ್ಧ ಸೇರಿಸಿ ಹೇಳಿ ಕಳಿಸುತ್ತೇನೆ. ಈವರೆಗೆ ಯಾರೂ ಸತ್ತಿಲ್ಲ. ಒಮ್ಮೆ ಮಾತ್ರ ಎದುರುಮನೆಯವರು ಮಂಡಿಗೆ ಹಚ್ಚಿಕೊಳ್ಳುವ ಔಷಧಿಯನ್ನು ನನ್ನ ಮಾತು ಕೇಳಿ ಹಾಲಿನಲ್ಲಿ ಕಲಸಿ ಕುಡಿದುಬಿಟ್ಟರು. ವಾರದಲ್ಲಿ ಮಂಡಿನೋವು ಹೋಯಿತಂತೆ. ಅಲ್ಲಿಂದ ನನ್ನ ಕೀರ್ತಿ ಹೆದ್ದಾರಿ ದಾಟಿ ಆಚೆ ಓಣಿಗೂ ಹೋಯಿತು.

ಈ ಕೀರ್ತಿ ಮಣ್ಣುಗೂಡಿದ್ದು ಕಳೆದ ತಿಂಗಳು, ಒಂದು ಕಾರ್ಟೂನ್ ಸಿನಿಮಾದ ದೆಸೆಯಿಂದ. ನಮ್ಮ ಓಣಿಯ ಹೆಣ್ಣುಮಕ್ಕಳು ತಿಂಗಳಿಗೊಮ್ಮೆ ರವಿವಾರ ಮಧ್ಯಾಹ್ನ ಸಮುದಾಯ ಭವನದಲ್ಲಿ ಸೇರುತ್ತಾರೆ. ಹೆಚ್ಚಿನವರು ನೇಕಾರರ ಮನೆಯವರು. ವಾರವಿಡೀ ಮಗ್ಗದ ಸದ್ದು ಕೇಳಿದವರಿಗೆ ಎರಡು ತಾಸು ಬೇರೇನಾದರೂ ಕೇಳುವ ಆಸೆ. ಬಿ.ಎ. ಓದುತ್ತಿರುವ ನನ್ನ ಮಗಳು ಸ್ಮಿತಾ, ‘ಈ ಸಲ ಒಂದು ಸಿನಿಮಾ ತೋರಿಸ್ತೇನಿ’ ಎಂದು ಒಪ್ಪಿಕೊಂಡು ಬಂದಿದ್ದಳು. ಹೊರದೇಶದ ಸಿನಿಮಾ. ಅದರ ಮಾತು ಯಾವ ಭಾಷೆಯದೋ ನಮಗೆ ತಿಳಿಯದು. ಕೆಳಗೆ ಇಂಗ್ಲಿಷ್ ಅಕ್ಷರ ಓಡುತ್ತಿರುತ್ತದೆ. ಅವಳು ಪಕ್ಕದಲ್ಲಿ ನಿಂತು ಅದನ್ನು ಕನ್ನಡದಲ್ಲಿ ಹೇಳುವುದು ಎಂದು ಠರಾವಾಗಿತ್ತು. ಆದರೆ ಶನಿವಾರ ಅವಳ ಗಂಟಲು ಕಟ್ಟಿತು. ರವಿವಾರ ಬೆಳಿಗ್ಗೆ ಬಾಯಿ ತೆರೆದರೆ ಗಾಳಿ ಮಾತ್ರ ಬರುತ್ತಿತ್ತು. ಅವಳು ಚೀಟಿಯಲ್ಲಿ ಬರೆದು ತೋರಿಸಿದಳು: ‘ಪಪ್ಪಾ, ನೀವೇ ಹೇಳ್ರಿ.’

ಬೇಡವೆನ್ನಬಹುದಿತ್ತು. ಆದರೆ ಹೆಂಡತಿ ಶಾರದಾ ಅಲ್ಲೇ ನಿಂತಿದ್ದಳು. ಬಾಗಲಕೋಟೆಯ ನವನಗರದಿಂದ ನಾಲ್ಕು ದಿನದ ಮಟ್ಟಿಗೆ ಬಂದಿದ್ದ ಅವಳ ತಾಯಿ, ಅಂದರೆ ನಮ್ಮ ಅತ್ತೆಯವರು, ಮಂಚದ ಮೇಲೆ ಕೂತು ನನ್ನನ್ನೇ ನೋಡುತ್ತಿದ್ದರು. ‘ಅದರಾಗೇನೈತಿ, ಹೇಳ್ತೇನಿ ತಗೋ’ ಎಂದುಬಿಟ್ಟೆ.

ಭವನಕ್ಕೆ ಹೋಗಿ ನೋಡುತ್ತೇನೆ, ಮುಂದಿನ ಸಾಲಿನ ತುಂಬ ಮಕ್ಕಳು! ಕಾರ್ಟೂನ್ ಎಂಬ ಶಬ್ದ ಕೇಳಿ ಎಲ್ಲರೂ ಮೊಮ್ಮಕ್ಕಳ ಸಮೇತ, ಚುರುಮುರಿ ಚೀಲದ ಸಮೇತ ಬಂದಿದ್ದರು. ಇಲಿ ಬೆಕ್ಕನ್ನು ಓಡಿಸುತ್ತದೆಂದು ಅವರ ನಿರೀಕ್ಷೆ. ಪರದೆಯ ಮೇಲೆ ಬಂದದ್ದು ಇದ್ದಿಲಿನಲ್ಲಿ ಬರೆದಂಥ ಕಪ್ಪು ಬಿಳುಪಿನ ಒಂದು ಊರು, ಅದರಲ್ಲಿ ಎಂಟು ಒಂಬತ್ತು ವರ್ಷದ ಒಬ್ಬ ಹುಡುಗಿ. ಬೀದಿ ತುಂಬ ಜನ, ಘೋಷಣೆ. ರಾಜನ ಕಲ್ಲಿನ ಮೂರ್ತಿಗೆ ಹಗ್ಗ ಹಾಕಿ ಎಳೆದರು. ತಲೆ ಕಳಚಿ ಉರುಳಿತು. ಮಕ್ಕಳು ಚಪ್ಪಾಳೆ ಹೊಡೆದರು. ಅಲ್ಲಿಯವರೆಗೆ ನನಗೂ ಸುಗಮವಾಗಿತ್ತು. ‘ರಾಜಾ ಓಡಿಹೋದಾ, ಮಂದಿಗೆ ಖುಷಿ ಆಗೇತಿ’ ಎಂದೆ.

ಆಮೇಲೆ ಕೆಳಗಿನ ಅಕ್ಷರಗಳು ಓಡತೊಡಗಿದವು. ನಾನು ಒಂದು ಸಾಲಿನ ಮೊದಲ ಮೂರು ಶಬ್ದ ಓದುವಷ್ಟರಲ್ಲಿ ಅದು ಮಾಯವಾಗಿ ಇನ್ನೊಂದು ಬರುತ್ತಿತ್ತು. ಪರದೆಯ ಮೇಲೆ ಹುಡುಗಿಯ ಕಾಕಾ ರೇಡಿಯೋ ರಿಪೇರಿ ಮಾಡುತ್ತ ಕೂತಿದ್ದ. ಹೊಸದಾಗಿ ಅಧಿಕಾರ ಹಿಡಿದವರ ಸಿಪಾಯಿಗಳು ಬಂದರು, ಅವನನ್ನು ಜೀಪಿನಲ್ಲಿ ಕೂರಿಸಿಕೊಂಡು ಹೋದರು. ಏನಾಯಿತೆಂದು ನನಗೆ ಗೊತ್ತಾಯಿತು. ಆದರೆ ಮುಂದಿನ ಸಾಲಿನಲ್ಲಿ ಚುರುಮುರಿ ತುಂಬಿದ ಹತ್ತಾರು ಬಾಯಿಗಳು ನನ್ನ ಕಡೆ ತಿರುಗಿ ಕಾಯುತ್ತಿದ್ದವು. ನನ್ನ ನಾಲಿಗೆ ತನ್ನಷ್ಟಕ್ಕೆ ತಾನೇ, ‘ಕಾಕಾ ಸೊಲ್ಲಾಪುರಕ್ಕ ಹೊಂಟಾನ’ ಎಂದಿತು.

‘ಪೊಲೀಸರು ಯಾಕ ಸರ?’ ಎಂದರು ಹಿಂದಿನಿಂದ ಒಬ್ಬರು.

‘ದಾರಿ ತೋರಸಾಕ.’

‘ಮತ್ತ ಆ ಹುಡುಗಿ ಅವ್ವ ಯಾಕ ಅಳಾಕತ್ತಾಳ್ರಿ?’

‘ಆಕಿಗೂ ಹೋಗೂದಿತ್ತು. ಜೀಪಿನ್ಯಾಗ ಜಾಗಾ ಇರಲಿಲ್ಲ.’

ಸ್ಮಿತಾ ಎರಡೂ ಕೈಯಲ್ಲಿ ಹಣೆ ಹಿಡಿದುಕೊಂಡಳು. ಕೂಗಾಡಲು ಅವಳಿಗೆ ದನಿ ಇಲ್ಲದ್ದು ನನ್ನ ಪುಣ್ಯ. ಅಷ್ಟರಲ್ಲಿ ಗೋಡೆಗೆ ಒರಗಿ ಕೂತಿದ್ದ ಅತ್ತೆಯವರ ದನಿ ಬಂತು.

‘ಅಳಿಯಂದ್ರ, ಸೊಲ್ಲಾಪುರಕ್ಕ ಹೋಗಾಂವ ಚಪ್ಪಲ್ ಮನ್ಯಾಗ ಬಿಟ್ಟು ಹೋಗ್ತಾನೇನ್ರಿ?’

ನಾನು ತಿರುಗಿ ನೋಡಿದೆ. ಪರದೆಯ ಮೇಲೆ ಬಾಗಿಲ ಬಳಿ ಒಂದು ಜೊತೆ ಚಪ್ಪಲಿ ಇತ್ತು. ಅಕ್ಷರದ ಹಿಂದೆ ಓಡುತ್ತಿದ್ದ ನಾನು ಚಿತ್ರವನ್ನೇ ನೋಡಿರಲಿಲ್ಲ.

‘ಅವನ್ನ ಹಿಡಕೊಂಡು ಹೋಗ್ಯಾರ. ಅಂವ ತಿರುಗಿ ಬರಂಗಿಲ್ಲ. ಹುಡುಗರಿಗೆ ಖರೆ ಹೇಳ್ರಿ, ಏನೂ ಆಗೂದಿಲ್ಲ’ ಎಂದರು ಅತ್ತೆಯವರು.

ಮಕ್ಕಳು ಹೆದರಲಿಲ್ಲ. ಒಬ್ಬ ಪುಟ್ಟ ಹುಡುಗಿ ಎದ್ದು ಹೋಗಿ ಅತ್ತೆಯವರ ತೊಡೆಯ ಮೇಲೆ ಕೂತು, ತನ್ನ ಅಜ್ಜಿಯನ್ನೇ ಕರೆದಂತೆ, ‘ಮುಂದ ಹೇಳ ಆಯಿ’ ಎಂದಳು. ಹಾಗೆ ನನ್ನ ಕೆಲಸ ಹೋಯಿತು. ಮೂರನೇ ಇಯತ್ತೆಗೆ ಸಾಲಿ ಬಿಟ್ಟ ಅತ್ತೆಯವರು ಚಿತ್ರ ನೋಡಿ ನೋಡಿ ಕತೆ ಹೇಳುತ್ತ ಹೋದರು. ‘ಮದಲಿನಾಂವ ಹೋದಾ ಅಂತ ಕುಣಿದಾಡಿದ್ರಲ್ಲ, ಈಗ ಬಂದಾಂವ ಸಾಲಿ ಪುಸ್ತಕದ ಹಾಳಿ ಹರಿಸಾಕತ್ತಾನ ನೋಡ್ರಿ.’ ನಾನು ಕಳ್ಳನಂತೆ ಕೆಳಗಿನ ಇಂಗ್ಲಿಷ್ ಓದಿ ತಾಳೆ ನೋಡುತ್ತಿದ್ದೆ. ಹತ್ತರಲ್ಲಿ ಎಂಟು ಸಲ ಸರಿಯಿತ್ತು. ಉಳಿದೆರಡನ್ನು ಓದುವುದು ನನ್ನಿಂದಾಗಲಿಲ್ಲ.

ಕೊನೆಗೆ ಆ ಊರಿನಲ್ಲಿ ಇನ್ನು ಉಳಿಗಾಲವಿಲ್ಲವೆಂದು ತಂದೆತಾಯಿ ಹುಡುಗಿಯನ್ನು ಒಬ್ಬಳನ್ನೇ ದೂರದೇಶಕ್ಕೆ ರೈಲು ಹತ್ತಿಸಿದರು. ತಾಯಿ ಕಿಟಕಿಗೆ ಕೈಯಿಟ್ಟು ಏನೋ ಅಂದಳು. ಅತ್ತೆಯವರು ಮೆಲ್ಲಗೆ, ‘ಹಿಂದ ತಿರುಗಿ ನೋಡಬ್ಯಾಡ ಅಂತಾಳ’ ಎಂದರು. ನಾನು ಕೆಳಗೆ ಓದಿದೆ. ಅಕ್ಷರಶಃ ಅದೇ ಇತ್ತು.

‘ಹೆಂಗ ಗೊತ್ತಾತು ಅವ್ವಾ?’ ಎಂದಳು ಶಾರದಾ.

‘ನನಗೂ ನಮ್ಮತ್ತಿ ಅದನ್ನ ಅಂದಿದ್ಲು. ಡ್ಯಾಮಿನ ಹಿನ್ನೀರು ಬರತೈತಿ ಅಂತ ಹಳೇ ಬಾಗಲಕೋಟಿ ಮನಿ ಬಿಟ್ಟ ದಿನ. ಬಾಗಲಾ, ಕಿಡಕಿ, ತೊಲಿ, ಎಲ್ಲಾ ಕಿತ್ತು ಟ್ರಾಕ್ಟರಿನ್ಯಾಗ ಹಾಕಿದ್ವಿ. ನೋಡಬ್ಯಾಡ ಅಂದ್ರೂ ನಾ ನೋಡಿದೆ. ಅಡಗಿಮನಿ ಗ್ವಾಡಿ ಮ್ಯಾಲ ನೀ ಸಣ್ಣಾಕಿ ಇದ್ದಾಗ ಇದ್ದಲಿಲೆ ಬರದ ಆನಿ ಇತ್ತು. ಐದು ಕಾಲಿನ ಆನಿ. ಎಷ್ಟು ಸಲ ಸುಣ್ಣಾ ಹಚ್ಚಿದ್ರೂ ಎದ್ದು ಬರ್ತಿತ್ತು. ಬಾಗಲಾ ತಂದ್ವಿ. ಗ್ವಾಡಿ ಹೆಂಗ ತರೂದು?’

ಶಾರದಾ ಸೆರಗಿನ ತುದಿ ಬಾಯಿಗೆ ಹಿಡಿದು, ‘ಐದನೇದು ಸೊಂಡಿ ಇರಬೇಕಲ್ಲಬೇ’ ಎಂದಳು. ‘ಸೊಂಡಿ ಬ್ಯಾರೇನ ಇತ್ತು’ ಎಂದರು ಅತ್ತೆಯವರು. ಎಲ್ಲರೂ ನಕ್ಕರು, ತಾಯಿ ಮಗಳು ಮಾತ್ರ ನಗುತ್ತಲೇ ಕಣ್ಣೊರೆಸಿಕೊಂಡರು.

ಸಿನಿಮಾ ಮುಗಿಯುವಾಗ ಹುಡುಗಿ ದೊಡ್ಡವಳಾಗಿ, ಯಾವುದೋ ತಣ್ಣನೆಯ ಊರಿನ ಕೋಣೆಯಲ್ಲಿ ಕೂತು ಏನೋ ಬರೆಯುತ್ತಿದ್ದಳು. ತೊಡೆಯ ಮೇಲಿನ ಪುಟ್ಟಿ, ‘ಆಯಿ, ಆಕಿ ಮನಿಗೆ ಹೋಗ್ತಾಳ?’ ಎಂದಳು. ನಾನಾಗಿದ್ದರೆ ಹೂಂ ಎಂದು ಬೆಳಗಿನ ಬಸ್ಸಿಗೇ ಕಳಿಸಿಬಿಡುತ್ತಿದ್ದೆ. ಅತ್ತೆಯವರು, ‘ಇಲ್ಲವ್ವಾ. ಹೋಗಾಕ ಬಿಡಂಗಿಲ್ಲ. ಅದಕ್ಕ ಮನಿ ಚಿತ್ರಾ ಬರೀತಾಳ. ನಾವು ಇಷ್ಟೊತ್ತು ನೋಡಿದ್ದು ಅದನ್ನ’ ಎಂದರು.

ಸಿನಿಮಾ ಮುಗಿದ ಮೇಲೆ ಹೆಂಗಸರೆಲ್ಲ ಅತ್ತೆಯವರ ಸುತ್ತ ಕೂತರು. ನಾನು ಪ್ರೊಜೆಕ್ಟರಿನ ವಯರು ಸುತ್ತುತ್ತಿದ್ದೆ. ಮಂಡಿನೋವು ಗುಣವಾದ ಎದುರುಮನೆಯವರು ಹತ್ತಿರ ಬಂದು, ‘ಸರ, ಮುಂದಿನ ತಿಂಗಳಾನೂ ಆಯಿನ್ನ ಕರಸ್ರಿ. ನಿಮಗ ಭಾಳ ಕೆಲಸಾ ಇರತಾವ, ನೀವು ಬರದಿದ್ರೂ ನಡೀತೈತಿ’ ಎಂದು ಬಹಳ ಮರ್ಯಾದೆಯಿಂದ ನನ್ನನ್ನು ವಜಾ ಮಾಡಿದರು.

ಸಂಜೆ ಮನೆಯಲ್ಲಿ ಚಹಾ ಕುಡಿಯುವಾಗ ನಾನೇ ಮಾತು ತೆಗೆದೆ. ‘ಅತ್ತಿಯವರ, ಆ ಹಳೇ ಮನಿ ಕತಿ ಪೂರಾ ಹೇಳ್ರಲ್ಲ.’

‘ಮತ್ತೇನು ಹೇಳೂದ್ರಿ? ನೀವು ಅಳಿಯಾ ಆಗಿ ಇಪ್ಪತ್ತು ವರ್ಷ ಆತು, ಬಂದಾಗೊಮ್ಮೆ ಹೇಳೇನಿ. ನೀವು ಪೇಪರ್ ಅಡ್ಡ ಹಿಡಕೊಂಡು ಕುಂತಿರ್ತಿದ್ರಿ.’

‘ಕೇಳತಿದ್ದೆ, ಕೇಳತಿದ್ದೆ’ ಎಂದೆ.

‘ಹೌದೇನು? ಹಂಗಾದ್ರ ನಮ್ಮ ಮನಿ ಯಾವ ಓಣ್ಯಾಗಿತ್ತು, ಹೇಳ್ರಿ ನೋಡೂನು.’

ಸ್ಮಿತಾಳ ಕಡೆ ನೋಡಿದೆ. ಅವಳಿಗೆ ದನಿ ಬಂದಿರಲಿಲ್ಲ. ಶಾರದಾಳ ಕಡೆ ನೋಡಿದೆ. ಅವಳು ಬೇಕೆಂದೇ ಮುಖ ತಿರುಗಿಸಿದಳು. ಬೇರೆ ದಾರಿ ಕಾಣದೆ ಅಂದಾಜಿನ ಮೇಲೆ ಒಂದು ಓಣಿಯ ಹೆಸರು ಹೇಳಿ ಎದ್ದೆ. ಅತ್ತೆಯವರು ಚಹಾದ ಬಶಿ ಕೆಳಗಿಟ್ಟು, ನನ್ನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿ, ‘ಕುಂದರ್ರಿ, ಮದಲಿಂದ ಹೇಳ್ತೇನಿ’ ಎಂದರು.

ಕೂತೆ.