ದಬ್ಬುವವರ ಹೆಂಡತಿ

ಗಂಡನ ಹೆಸರು ಹೇಳಲು ನಾಚುವ ಹೆಂಗಸರ ಕಾಲ ಮುಗಿಯಿತು ಎಂದು ಯಾರಾದರೂ ಹೇಳಿದರೆ ನಂಬಬೇಡಿ, ನಾನಿನ್ನೂ ಬದುಕಿದ್ದೇನೆ. ಇಂಡಿ ಪಟ್ಟಣದ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಸ್ತ್ರೀ ಸಮಾನತೆಯ ಪಾಠ ಬಂದರೆ ಮೇಜು ಕುಟ್ಟಿ ಹೇಳುತ್ತೇನೆ. ಸಂಜೆ ಬಸ್ಸಿಳಿದು ಹೊರ್ತಿಯ ಮನೆ ಸೇರಿ ತಲೆಯ ಮೇಲೆ ಸೆರಗು ಹೊದ್ದೆನೆಂದರೆ ಗಂಡ ಮತ್ತೆ ‘ಅವರು’, ‘ನಮ್ಮವರು’ ಆಗಿಬಿಡುತ್ತಾರೆ. ಜನಗಣತಿಯವರು ಬಂದು ಯಜಮಾನರ ಹೆಸರು ಕೇಳಿದರೆ ಆಧಾರ್ ಕಾರ್ಡನ್ನೇ ಮುಂದೆ ಹಿಡಿಯುತ್ತೇನೆ. ಬಾಯಿಬಿಟ್ಟು ಹೇಳಲೇಬೇಕಾದರೆ ನಮ್ಮ ಕಡೆ ಒಡಪು ಇದೆಯಲ್ಲ, ಪ್ರಾಸ ಕಟ್ಟಿದ ಎರಡು ಸಾಲಿನ ನಡುವೆ ಹೆಸರನ್ನು ತೂರಿಸಿ ಹೇಳಿದರೆ ದೋಷವಿಲ್ಲ.

ಹೆಸರಿಗಿಂತ ಕಷ್ಟದ್ದು ಅವರ ಕೆಲಸವನ್ನು ಹೇಳುವುದು. ನಮ್ಮವರು ಇಟಲಿಯ ಒಂದು ಸಣ್ಣ ಊರಿನ ಕ್ಲಬ್ಬಿನಲ್ಲಿ ಸಂಬಳಕ್ಕೆ ರಗ್ಬಿ ಆಡುತ್ತಾರೆ. ಹೊರ್ತಿಯ ಗರಡಿಯಲ್ಲಿ ಬೆಳೆದ ಮೈ, ಪುಣೆಗೆ ಕಾಲೇಜಿಗೆ ಹೋದಾಗ ಕುಸ್ತಿ ಬಿಟ್ಟು ಈ ಆಟಕ್ಕೆ ಬಿತ್ತು. ಹದಿನೈದು ಜನರಲ್ಲಿ ಎಂಟು ಜನ ಫಾರ್ವರ್ಡ್‌ಗಳು. ಆ ಎಂಟರಲ್ಲೂ ಮುಂದಿನ ಸಾಲಿನಲ್ಲಿ ತಲೆ ತಗ್ಗಿಸಿ, ಎದುರಿನವರ ಹೆಗಲಿಗೆ ಹೆಗಲು ಹಚ್ಚಿ ದಬ್ಬುವುದು ಇವರ ಪಾಲಿನ ಕೆಲಸ. ಅದಕ್ಕೆ ಸ್ಕ್ರಮ್ ಅನ್ನುತ್ತಾರಂತೆ. ಅತ್ತೆಯವರು ಮೊದಲ ಸಲ ಮೊಬೈಲಿನಲ್ಲಿ ನೋಡಿ ದಂಗಾದರು.

“ಎಂಟ ಮಂದಿ ಈ ಕಡೆ, ಎಂಟ ಮಂದಿ ಆ ಕಡೆ ನಿಂತು ಯಾಕ ದಬ್ಬತಾರವಾ?”

“ನಡುವ ಚೆಂಡ ಐತ್ರೀ ಅತ್ತಿ.”

“ಚೆಂಡ ಬೇಕಂದ್ರ ಬಗ್ಗಿ ಕೈಲೆ ತಗೋಬಾರದೇನು? ನನ್ನ ಮಗನ ಕೈಗೆ ಒಮ್ಮೆನೂ ಬರಲಿಲ್ಲಲ್ಲ!”

ಸಿಂದಗಿಗೆ ಕೊಟ್ಟ ನನ್ನ ಅಕ್ಕನಂತೂ, “ದಬ್ಬೂದಕ್ಕ ಇಟಲಿತನಕ ಹೋಗಬೇಕೇನ? ನಮ್ಮ ಎರಿ ಹೊಲದಾಗ ಮಳಿಗೊಮ್ಮೆ ಟ್ರ್ಯಾಕ್ಟರ್ ಸಿಗಬೀಳತೈತಿ, ಇಲ್ಲೇ ದಬ್ಬಲಿ” ಎಂದು ನಗುತ್ತಾಳೆ.

ನಗುವವರು ನಗಲಿ. ಹತ್ತು ತಿಂಗಳು ಅಲ್ಲಿ, ಎರಡು ತಿಂಗಳು ಇಲ್ಲಿ ಎಂಬ ನಮ್ಮ ಸಂಸಾರಕ್ಕೆ ಐದು ವರ್ಷವಾಯಿತು. ಬೇಸಿಗೆಯ ಕೊನೆಗೆ ಬರುತ್ತಾರೆ, ಕಿವಿ ಜಜ್ಜಿ ಮುದ್ದೆಯಾಗಿರುತ್ತದೆ, ಅಂಗಿಯ ಕೊರಳ ಗುಂಡಿ ಕೂಡುವುದಿಲ್ಲ. ಒಂದು ಊಟಕ್ಕೆ ಹತ್ತು ರೊಟ್ಟಿ ಬೇಕು. ಅವರು ಹೋದ ಮೇಲೂ ನನ್ನ ಕೈ ಕೇಳುವುದಿಲ್ಲ, ವಾರಗಟ್ಟಲೆ ಅಷ್ಟೇ ಹಿಟ್ಟು ನಾದುತ್ತದೆ, ಉಳಿದ ರೊಟ್ಟಿಯನ್ನು ಒಣಗಿಸಿ ಖಡಕ್ ಮಾಡಿ ಬುಟ್ಟಿಗೆ ತುಂಬುತ್ತೇನೆ. ನೆರೆಯವರು ನನ್ನನ್ನು ಬಲು ಹಿಡಿತದ ಹೆಣ್ಣು ಎಂದು ಹೊಗಳುತ್ತಾರೆ. ಬುಟ್ಟಿಯಲ್ಲಿರುವುದು ಗಂಡನ ನೆನಪು ಎಂದು ಯಾರಿಗೆ ಹೇಳಲಿ?

ಈ ಸಲ ಸಂಕ್ರಾಂತಿ ಮುಗಿದ ವಾರ ಫೋನು ಮಾಡಿ ಅವರು ಕೇಳಿದರು: “ಇನ್ನ ಎರಡ ವರ್ಷ ಇರು ಅಂತ ಕ್ಲಬ್ಬಿನವ್ರು ಅನ್ನಾಕತ್ತಾರ. ಐತವಾರ ಮ್ಯಾಚ್ ಮುಗದ ಮ್ಯಾಲ ಹೇಳ್ತೇನಿ ಅಂದೇನಿ. ನೀ ಏನಂತಿ?” ಬರ್ರಿ ಎನ್ನಲು ಎರಡೇ ಅಕ್ಷರ. ನಾನು ಅಂದದ್ದು, “ನಿಮ್ಮ ಇಚ್ಛಾರಿ.” ಅವರ ಪ್ರೀತಿಯ ಆಟ ಬಿಡಿಸಿದ ಪಾಪ ನನಗೇಕೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಿಜವೆಂದರೆ, ಹೇಳದೆಯೇ ತಿಳಿದುಕೊಳ್ಳಲಿ ಎಂಬ ಸೊಕ್ಕು.

ಆ ಐತವಾರವೇ ನಾದಿನಿ ಕಸ್ತೂರಿಯ ಕುಬಸ. ಸಂಜೆ ಬಸುರಿಗೆ ಹಸಿರು ಸೀರೆ ಉಡಿಸಿ, ಉಡಿ ತುಂಬಿ ಆರತಿ ಮಾಡಿದ್ದೆವು. ಪಡಸಾಲೆಯ ತುಂಬ ಹೆಂಗಸರು, ಒಬ್ಬೊಬ್ಬರಾಗಿ ಒಡಪು ಹೇಳುತ್ತಿದ್ದರು. ಗೂಡಿನಲ್ಲಿ ಅವರ ಮ್ಯಾಚು ಹಚ್ಚಿದ ಮೊಬೈಲು ಆನಿಸಿಟ್ಟು ಒಂದು ಕಣ್ಣು ಅಲ್ಲೇ ಇಟ್ಟಿದ್ದೆ. ನನ್ನ ಸರದಿ ಬಂತು. ನಾಲ್ಕು ದಿನ ತಿಣುಕಿ ಕಟ್ಟಿದ ಒಡಪು: “ಬೆಣ್ಣಿ ಹಚ್ಚಿ ಕಾಯ್ದೇನಿ ಬಿಸಿಬಿಸಿ ರೊಟ್ಟಿ, ಸಂಗಮೇಶರಾಯರದು ಊರಿಗೇ ಗಟ್ಟಿ ರಟ್ಟಿ.” ರೊಟ್ಟಿಯ ತನಕ ಬಂದಿದ್ದೆ, ಅಷ್ಟರಲ್ಲಿ ಪರದೆಯ ಮೇಲೆ ಸ್ಕ್ರಮ್ ಕುಸಿಯಿತು. ಒಬ್ಬೊಬ್ಬರೇ ಎದ್ದರು. ನಮ್ಮವರ ಒಂದನೇ ನಂಬರಿನ ಅಂಗಿ ಮಾತ್ರ ಮಣ್ಣಲ್ಲಿ ಮುಖ ಹುದುಗಿಸಿ ಬಿದ್ದೇ ಇತ್ತು.

“ಸಂಗಮೇಶಾ! ಏಳೋ, ಸಂಗಮೇಶಾ!”

ಕಿರುಚಿದ್ದು ನಾನೇ. ಪ್ರಾಸವಿಲ್ಲ, ರಾಯರಿಲ್ಲ, ಬಹುವಚನವೂ ಇಲ್ಲ. ಮುದ್ದೇಬಿಹಾಳದಿಂದ ಬಂದಿದ್ದ ಸೋದರತ್ತೆ, “ಯವ್ವಾ, ಹೆಸರ ಹಿಡದಳಲ್ಲೇ!” ಎಂದು ಗಲ್ಲಕ್ಕೆ ಕೈ ಹಚ್ಚಿದರು. “ಸುಮ್ನಿರಬೇ, ಮೊದಲ ಹುಡುಗ ಏಳಲಿ” ಎಂದು ಗದರಿಸಿದ ಅತ್ತೆಯವರು ಪರದೆಗೆ ಮುಖ ಒತ್ತಿ ನಿಂತರು. ನಮ್ಮವರು ಎದ್ದರು. ಕುತ್ತಿಗೆಯನ್ನು ಆ ಕಡೆ ಈ ಕಡೆ ಹೊರಳಿಸಿ ನೋಡಿಕೊಂಡು ಮತ್ತೆ ದಬ್ಬಲು ಹೋದರು. ನಾನು ಅಲ್ಲೇ ಕೂತು ಅತ್ತುಬಿಟ್ಟೆ.

ಮ್ಯಾಚು ಮುಗಿದು ಫೋನು ಬಂದಾಗ ಕಸ್ತೂರಿ ಕಸಿದುಕೊಂಡಳು. “ಅಣ್ಣಾ, ವೈನಿ ನಿನ್ನ ಹೆಸರ ಹಿಡದು ಒದರಿದಳು! ಏಳೋ ಅಂದಳು!”

ಆ ಕಡೆಯಿಂದ ಅವರು ನಕ್ಕರು. “ಅದಕ್ಕ ಎದ್ದೇನಿ ತಗೋ. ಆಕಿ ಕೈಯಾಗ ಕೊಡು.” ಫೋನು ನನ್ನ ಕೈಗೆ ಬಂತು. “ಕ್ಲಬ್ಬಿನವ್ರು ಕಾಯಾಕತ್ತಾರ. ಏನ ಹೇಳಲಿ?”

ಸುತ್ತ ಇಪ್ಪತ್ತು ಹೆಂಗಸರು ಉಸಿರು ಬಿಗಿಹಿಡಿದು ನನ್ನ ಬಾಯಿಯನ್ನೇ ನೋಡುತ್ತಿದ್ದರು. ನಾನು ಸೆರಗು ಮುಂದೆಳೆದುಕೊಂಡು ಅಂದೆ, “ನಿಮ್ಮ ಇಚ್ಛಾರಿ.”

“ಹಂಗಾದ್ರ ಅವ್ರಿಗೆ ಹೂಂ ಅಂತೇನಿ” ಎಂದು ಮೆಲ್ಲಗೆ ಹೇಳಿ ಫೋನಿಟ್ಟರು.

ಎಲ್ಲರೂ ಹೋದ ಮೇಲೆ ಅತ್ತೆಯವರು ಕೇಳಿದರು: “ಬಾ ಅನ್ನಾಕ ಏನಾಗಿತ್ತ ನಿನಗ?”

“ನೀವರ ಅನಬೇಕಿತ್ತಲ್ಲರಿ?”

“ನೀ ಅಂತೀ ಅಂತ ನಾ ಸುಮ್ನಿದ್ದೆ.”

ಇಬ್ಬರೂ ಸೇರಿ ಉಳಿದ ಹೋಳಿಗೆಯನ್ನು ಮುಚ್ಚಿಟ್ಟೆವು. ಒಟ್ಟಿನಲ್ಲಿ ನನ್ನ ಮನಸ್ಸಿನಲ್ಲಿರುವುದು ಬಾಯಿಗೆ ಬರಬೇಕೆಂದರೆ ನಮ್ಮವರು ನೆಲಕ್ಕೆ ಬೀಳಬೇಕು ಎಂದಾಯಿತು. ಅವರು ಎಂದೂ ಬೀಳದಿರಲಿ ಎಂದು ದಿನಾ ಬೆಳಿಗ್ಗೆ ದೇವರಿಗೆ ದೀಪ ಹಚ್ಚಿ ಬೇಡಿಕೊಳ್ಳುವವಳೂ ನಾನೇ.