ದೊರೆಸ್ವಾಮಿಯವರ ಗಂಟಲು

ಬೆಳಿಗ್ಗೆ ಕೆಲಸದ ರೂಮಿನ ಕಿಟಕಿಗೆ ತೂಗುಹಾಕಿದ್ದ ಗಣಪತಿ ಪಟಕ್ಕೆ ಊದುಬತ್ತಿ ಹಚ್ಚಿ ಕೈಮುಗಿಯುತ್ತಿದ್ದಂತೆ ದೊರೆಸ್ವಾಮಿಯವರಿಗೆ ಕೆಮ್ಮು ಹತ್ತಿತು. ಚಾಮರಾಜಪೇಟೆಯ ಒಂದು ಧರ್ಮಾಸ್ಪತ್ರೆಯಲ್ಲಿ ಅವರು ರೆಕಾರ್ಡ್ ರೂಮಿನ ಗುಮಾಸ್ತರು. ಇಸವಿ ತೊಂಬತ್ತೊಂಬತ್ತು. ಕಂಪ್ಯೂಟರ್ ಬರುತ್ತದೆಂದು ಆ ರೂಮಿಗೆ ಎಸಿ ಹಾಕಿ, ಕಿಟಕಿಗೆ ತೆರೆಯಲಾಗದಂತೆ ಗಾಜು ಕೂರಿಸಿದ್ದರು. ಮೂರೇ ತಿಂಗಳಿಗೆ ಎಸಿ ಕೆಟ್ಟಿತು, ಕಂಪ್ಯೂಟರ್ ಸೂಪರಿಂಟೆಂಡೆಂಟರ ರೂಮಿಗೆ ಹೋಯಿತು. ಗಾಜು ಉಳಿಯಿತು, ಮೂವತ್ತು ವರ್ಷದ ಕೇಸ್ ಶೀಟುಗಳ ಧೂಳು ಉಳಿಯಿತು, ದೊರೆಸ್ವಾಮಿಯವರೂ ಉಳಿದರು.

ಬೇರೆ ದಿನವಾಗಿದ್ದರೆ ಕೆಮ್ಮಿಕೊಂಡೇ ಇರುತ್ತಿದ್ದರು. ಇವತ್ತು ಕಾರ್ತಿಕ ಸೋಮವಾರ. ಗವಿಪುರದ ಭಜನಾ ಮಂಡಳಿಯಲ್ಲಿ ಹದಿನೇಳು ವರ್ಷ ತಾಳ ಹಾಕಿದವರಿಗೆ ಸಂಜೆ ಮೊದಲ ಸಲ ಮುಂದೆ ಕೂತು ಹಾಡುವ ಸರದಿ. "ಗಂಟಲು ಕಾಪಾಡಪ್ಪಾ" ಎಂದು ಮೂರು ಕಡ್ಡಿಯ ಜೊತೆ ಇನ್ನೂ ಮೂರು ಹಚ್ಚಿದರು. ಕೆಮ್ಮು ಹಳೇ ಲೂನಾ ಮೊಪೆಡ್ಡಿನಂತೆ ಕೆರೆಯತೊಡಗಿತು.

ಸದ್ದು ಕೇಳಿ ಆಯಾ ಸುಬ್ಬಮ್ಮ ಪೊರಕೆ ಹಿಡಿದೇ ಬಂದಳು. "ದೃಷ್ಟಿ ಆಗೈತೆ ಸಾಮೇರೆ. ಹಾಡ್ತೀನಿ ಹಾಡ್ತೀನಿ ಅಂತ ಆಸ್ಪತ್ರೆಗೆಲ್ಲ ಹೇಳ್ಕೊಂಡ್ ಬಂದ್ರಲ್ಲ" ಎಂದು ಅದೇ ಪೊರಕೆಯಿಂದ ನಿವಾಳಿಸಿದಳು. ಧೂಳು ಎದ್ದು ಮುಖಕ್ಕೇ ಬಂತು. ಔಷಧಿ ಕೌಂಟರಿನ ಮಧುಸೂದನ್ ಸಿರಪ್ ಕುಡಿಸಿದ. ಅದು ಕೆಮ್ಮನ್ನು ಬಿಟ್ಟು ಕಣ್ಣಿಗೆ ಹತ್ತಿತು. ತೂಕಡಿಸುತ್ತಲೇ ದೊರೆಸ್ವಾಮಿಯವರು ಹೆರಿಗೆ ವಾರ್ಡಿನ ಫೈಲನ್ನು ಮೂಳೆ ವಿಭಾಗಕ್ಕೆ ಕಳಿಸಿಬಿಟ್ಟರು.

ಆ ಫೈಲು ಹುಡುಕಿಕೊಂಡು ಬಂದ ಡಾಕ್ಟರ್ ಮೈತ್ರೇಯಿ ಬಾಗಿಲಲ್ಲೇ ಮೂಗಿಗೆ ಸೆರಗು ಹಿಡಿದರು.

"ಭಾನುವಾರ ಕೆಮ್ಮು ಇರತ್ತಾ?"

"ಇಲ್ಲ ಡಾಕ್ಟ್ರೇ. ಭಾನುವಾರ ದೇವ್ರು ನೋಡ್ಕೋತಾನೆ."

"ದೇವ್ರು ಏಳು ದಿನಾನೂ ನೋಡ್ಕೋತಾನೆ. ನೀವು ಈ ಡಬ್ಬದೊಳಗೆ ಕೂತಿರೋದು ಆರು ದಿನ. ಗಾಳಿ ಬರಕ್ಕೆ ದಾರಿ ಇಲ್ಲ, ಹೊಗೆ ಹೋಗಕ್ಕೆ ದಾರಿ ಇಲ್ಲ. ಇಲ್ಲಿ ಅರ್ಧ ಗಂಟೆ ಫೈಲು ಹುಡುಕಿದ್ರೆ ನರ್ಸುಗಳಿಗೂ ತಲೆನೋವು. ಊದುಬತ್ತಿ ನಿಲ್ಸಿ, ಸಂಜೆವರ್ಗೂ ಹೊಂಗೆ ಮರದ ಕೆಳಗೆ ಕೂತು ಕೆಲಸ ಮಾಡಿ. ಗಾಜು ತೆಗ್ಸಕ್ಕೆ ನಾನು ಹೇಳ್ತೀನಿ."

"ಪೂಜೆ ಬಿಡೋದಾ?"

"ಹೂವಿಟ್ಟು ಕೈಮುಗೀರಿ. ಅವನು ಬೇಡ ಅಂತಾನಾ?"

ಮಾತು ನಾಟಿತು. ಇಷ್ಟು ದಿನ ಆ ಪಟದೊಳಗಿನವನೂ ತನ್ನ ಜೊತೆ ಹೊಗೆ ಕುಡಿದನಲ್ಲ ಅನ್ನಿಸಿ ದೊರೆಸ್ವಾಮಿಯವರ ಮನಸ್ಸು ಮಿದುವಾಯಿತು. ಮರದ ಕೆಳಗೆ ಕುರ್ಚಿ ಹಾಕಿಕೊಂಡರು. ಗಾಳಿ ಯಾರ ಅಪ್ಪಣೆಯನ್ನೂ ಕೇಳದೆ ಬಂದು ಹೋಗುತ್ತಿತ್ತು. ಮೂರರ ಹೊತ್ತಿಗೆ ಕೆಮ್ಮು ನಿಂತಿತು. ನಾಲ್ಕಕ್ಕೆ ಮೆಲ್ಲಗೆ ಒಂದು ಸಾಲು ಹಾಡಿ ನೋಡಿದರು. ದನಿ ಹುಣಸೆಹಣ್ಣಲ್ಲಿ ಉಜ್ಜಿಟ್ಟ ತಂಬಿಗೆಯ ಹಾಗಿತ್ತು.

ಐದಕ್ಕೆ ಚೀಲ ತರಲು ರೂಮಿನ ಬಾಗಿಲು ತೆಗೆದರೆ ಗಣಪತಿಯೇ ಕಾಣಲಿಲ್ಲ. ಕೆಂಡದ ಮೇಲೆ ಸಾಂಬ್ರಾಣಿ. ಹೊಗೆಯೊಳಗಿಂದ ಸುಬ್ಬಮ್ಮ, ಮಧುಸೂದನ್, ನಾಲ್ವರು ನರ್ಸುಗಳು ಒಬ್ಬೊಬ್ಬರಾಗಿ ಮೂಡಿದರು.

"ಬನ್ನಿ ಸಾಮೇರೆ. ಮರದ ಕೆಳಗೆ ಒಬ್ರೇ ಕೂತಿದ್ರಲ್ಲ, ನೋಡಿ ಕರುಳು ಚುರುಕ್ ಅಂತು. ನಿಮ್ಮ ಗಂಟ್ಲಿಗೆ ಅಂತ ಹರಕೆ ಹೊತ್ತಿದೀವಿ."

"ಗಂಟಲು ಸರಿಹೋಯ್ತು ಸುಬ್ಬಮ್ಮ."

"ನಾವು ಧೂಪ ಹಾಕಿದ್ದು ಮೂರಕ್ಕೆ. ಕೆಮ್ಮು ನಿಂತಿದ್ದೂ ಮೂರಕ್ಕೇ ಇರ್ಬೇಕು?"

ಸುಳ್ಳು ಹೇಳಿ ಅಭ್ಯಾಸವಿಲ್ಲದ ದೊರೆಸ್ವಾಮಿಯವರು "ಹೌದು" ಎಂದರು.

"ಹಂಗಾದ್ರೆ ಇನ್ನು ಬಿಡಂಗಿಲ್ಲ. ಒಂದು ಮಂಡಲ, ನಲವತ್ತೆಂಟು ದಿನ, ಎರಡು ಹೊತ್ತೂ ಇಲ್ಲೇ ಧೂಪ. ಗಾಜು ತೆಗಿಯಾಕೆ ಬಡಗಿ ಬಂದಿದ್ದ. ಮಂಡಲ ಮುಗಿಯೋಗಂಟ ಪಟ ಕದಲಿಸ್ಬಾರ್ದು ಅಂತ ಕಳಿಸಿದೀವಿ. ಈಗೊಂದು ಮಂಗಳಾರತಿ ಪದ ಹೇಳ್ಬಿಡಿ."

ಆರು ಮುಖಗಳೂ ಪ್ರೀತಿಯಿಂದ ಕಾಯುತ್ತಿದ್ದವು. ತಳ್ಳಿ ಹೋಗಲು ಮನಸ್ಸಾಗಲಿಲ್ಲ. ದೊರೆಸ್ವಾಮಿಯವರು ಕೂತು, ಉದ್ದಕ್ಕೆ ಉಸಿರೆಳೆದುಕೊಂಡು, ಬಾಯಿ ತೆರೆದರು.

ಆ ಸಂಜೆ ಗವಿಪುರದಲ್ಲಿ ಅವರು ಹದಿನೆಂಟನೆಯ ವರ್ಷವೂ ತಾಳ ಹಾಕಿದರು.